ಕೆಲ್ಸ ಆಯ್ತೇನಪ್ಪಾ?

2011ರ ಫೆಬ್ರವರಿ. ಜನಗಣತಿ ನಡೀತಿತ್ತು. ನಮ್ಮೂರಿನ ಪ್ರೈಮರಿ ಸ್ಕೂಲ್ ಮೇಷ್ಟ್ರು ಉದ್ದನೆಯ ಫಾರಂ ಹಿಡ್ಕೊಂಡು ನಮ್ಮನೆ ಜಗಲಿ ಮೇಲೆ ಕೂತಿದ್ರು. ಅಪ್ಪ, ಅವ್ವ, ತಂಗಿ ಎಲ್ಲರ ಹೆಸರು, ವಯಸ್ಸು, ಓದು ಬರ್ಕೊಂಡಾದ ಮೇಲೆ ನನ್ನ ಸರದಿ ಬಂತು.

"ಇಂಜಿನಿಯರ್ ಸಾಹೇಬ್ರಿಗೆ ಏನ್ ಕೆಲಸ ಅಂತ ಬರ್ಕೊಳ್ಳಿ?" ಅಂದ್ರು.

"ಓದ್ತಾವ್ನೆ ಅಂತ ಬರ್ಕಳಿ ಮೇಷ್ಟ್ರೆ" ಅಂದ ಅಪ್ಪ. ನಾನು ಬಿಇ ಮುಗಿಸಿ ಆಗಲೇ ಒಂದೂವರೆ ವರ್ಷ ದಾಟಿತ್ತು.

"ತ್ವಾಟಕ್ಕೆ ನೀರ್ ಬಿಡೋದೆಲ್ಲ ಈಗ ಅವ್ನೆಯ" ಅಂತ ಒಳಗಿಂದ ಅವ್ವನ ದನಿ ಬಂತು.

"ಕೆಲಸ ಹುಡುಕ್ತಿದೀನಿ ಸಾರ್" ಅಂದೆ ನಾನು.

ಒಬ್ಬನಿಗೆ ಮೂರು ಉತ್ತರ. ಮೇಷ್ಟ್ರು ಬ್ಯಾಗಿಂದ ಸೂಚನೆಗಳ ಪುಸ್ತಕ ತೆಗೆದು ಪುಟ ತಿರುವಿದ್ರು. "ನೋಡಯ್ಯ, ಸಂಬಳ ಇಲ್ದಿದ್ರೂ ಸ್ವಂತ ಜಮೀನಲ್ಲಿ ಮಾಡಿದ್ರೆ ಅದೂ ಕೆಲಸನೇ ಅಂತೆ. ವರ್ಷದಲ್ಲಿ ಎಷ್ಟು ತಿಂಗಳು ಮಾಡಿದೀಯ?" ಲೆಕ್ಕ ಹಾಕಿ ಐದು ತಿಂಗಳು ಅಂದೆ. ಆರು ತಿಂಗಳಿಗಿಂತ ಕಮ್ಮಿ ಕೆಲಸ ಮಾಡಿದವನು, ಬೇಸಾಯಗಾರ, ಕೆಲಸ ಹುಡುಕ್ತಾ ಇದ್ದಾನೆ. ಇಷ್ಟನ್ನೂ ಗುರುತು ಹಾಕಿ, "ಎಲ್ಲಾ ಬರ್ದಿದೀನಿ, ಸಂತೋಷನಾ?" ಅಂತ ನಕ್ಕು ಪಕ್ಕದ ಮನೆಗೆ ಹೋದ್ರು.

ನನಗೆ ನಗು ಬರ್ಲಿಲ್ಲ. ಅರಸೀಕೆರೆ ಕಡೆಯ ಆ ಊರಲ್ಲಿ ಡೈರಿ ಹತ್ರ, ಬಸ್‌ಸ್ಟ್ಯಾಂಡಲ್ಲಿ, ಮದುವೆ ಊಟದ ಪಂಕ್ತೀಲಿ, ಎಲ್ಲಿ ಹೋದ್ರೂ ಕೇಳ್ತಿದ್ದದ್ದು ಒಂದೇ ಮಾತು: "ಕೆಲ್ಸ ಆಯ್ತೇನಪ್ಪಾ?" ಈ ಪ್ರಶ್ನೇಲಿ ಕೆಲಸ ಅನ್ನೋದು ನಾವು ಮಾಡೋ ವಸ್ತು ಅಲ್ಲ. ಅದು ಮದುವೆ ಹಾಗೆ, ಮಳೆ ಹಾಗೆ. ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ನನಗೆ ಅದು ಆಗಿದ್ದು 2015ರಲ್ಲಿ, 28ನೇ ವಯಸ್ಸಿನಲ್ಲಿ. ಅಲ್ಲಿವರೆಗೆ ಒಂದೇ ಒಂದು ರೂಪಾಯಿ ಸಂಬಳ ಕೈಯಲ್ಲಿ ಹಿಡಿದವನಲ್ಲ.

ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಆದ್ರೂ ಆ ಆರು ವರ್ಷದ ಅವಮಾನ ಒಳಗೆಲ್ಲೋ ಕೂತೇ ಇತ್ತು. ಹೋದ ತಿಂಗಳು ನನ್ನ ಚಿಕ್ಕಪ್ಪನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಬಿಎಸ್ಸಿ, ಬಿ.ಎಡ್ ಮುಗಿಸಿದವನು, ವಿಜಯನಗರದಲ್ಲಿ ರೂಮ್ ಮಾಡ್ಕೊಂಡು ಪರೀಕ್ಷೆಗೆ ಓದ್ತಿದಾನೆ. "ಅಣ್ಣ, ನಂಗೆ ಇಪ್ಪತ್ತೆಂಟಾಯ್ತು. ಇವತ್ತಿನವರೆಗೂ ಒಂದು ರೂಪಾಯಿ ದುಡಿದಿಲ್ಲ. ನಾನೇನು ಮನುಷ್ಯನಾ?" ಅಂದ. ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಆಮೇಲೆ ಕೂತು ಒಂದಿಷ್ಟು ಹಳೇದನ್ನ ಓದಿದೆ. 28 ವರ್ಷದ ಹುಡುಗ ಸಂಬಳ ಇಲ್ದೆ ಕೂತ್ಕೊಳ್ಳೋ ಸ್ಥಿತಿ ಎಲ್ಲಿಂದ ಶುರುವಾಯ್ತು ಅಂತ. ಈ ಲೇಖನ ಆ ಓದಿನಿಂದ ಹುಟ್ಟಿದ್ದು.

ಸಂಬಳ ಅನ್ನೋ ಪದದಿಂದಲೇ ಶುರು ಮಾಡೋಣ. ಅದರ ಮೂಲ ಸಂಸ್ಕೃತದ 'ಶಂಬಲ'. ಅರ್ಥ, ಪ್ರಯಾಣಕ್ಕೆ ಕಟ್ಟಿಕೊಳ್ಳೋ ಬುತ್ತಿ. ನೌಕರಿ, ಚಾಕರಿ ಎರಡೂ ಪಾರ್ಸಿಯಿಂದ ಬಂದವು, ಎರಡರ ಬುಡದಲ್ಲೂ ಇರೋದು ಸೇವಕ. ಹಳ್ಳಿಯಲ್ಲಿ ತಿಂಗಳ ಸಂಬಳ ಅನ್ನೋ ಪದ್ಧತಿ ಬಹಳ ಹಳೇದೇನಲ್ಲ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಹನ್ನೆರಡು ಆಯಗಾರರ ಬಗ್ಗೆ ಬರೀತಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ ಹೀಗೆ. ಇವರಿಗೆ ತಿಂಗಳ ಸಂಬಳ ಇರ್ಲಿಲ್ಲ. ಸುಗ್ಗಿ ಆದ್ಮೇಲೆ ಕಣದಲ್ಲಿ ಆಯ ಸಿಕ್ತಿತ್ತು, ಕೆಲವರಿಗೆ ಇನಾಂ ಜಮೀನು ಇರ್ತಿತ್ತು.

ಇದನ್ನ ಓದಿ "ಆಗ ಎಲ್ಲರಿಗೂ ಕೆಲಸ ಇತ್ತು, ಎಂಥ ಚೆಂದ" ಅಂತ ಯಾರೂ ಅನ್ನೋದು ಬೇಡ. ಹುಟ್ಟಿದ ಕೂಡಲೇ ಕೆಲಸ ನಿಗದಿ ಆಗ್ತಿತ್ತು, ಅಷ್ಟೆ. ತೋಟಿಯ ಮಗನಿಗೆ ನಿರುದ್ಯೋಗ ಇರ್ಲಿಲ್ಲ. ಬೇರೆ ಕೆಲಸ ಕೇಳೋ ಹಕ್ಕೂ ಇರ್ಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ನಮ್ಮ ರಾಜ್ಯದಲ್ಲಿ ಕಾನೂನಿನ ಪ್ರಕಾರ ಹೋಗಿದ್ದು 1961ರ ಕಾಯ್ದೆಯಿಂದ. ಅದರಿಂದಾಗಿ ಶಾನುಭೋಗರ ಜಾಗಕ್ಕೆ ಸಂಬಳದ ವಿಲೇಜ್ ಅಕೌಂಟೆಂಟ್ ಬಂದ್ರು. ಈಗ ನಮ್ಮ ಹುಡುಗರು ಹಗಲೂರಾತ್ರಿ ಓದ್ತಿರೋದು ಅದೇ ಹುದ್ದೆಗೆ. ಅಂದ್ರೆ ಒಬ್ಬ ರೈತನ ಮಗ ಆ ಕುರ್ಚಿಗೆ ಆಸೆ ಪಡಬಹುದು ಅನ್ನೋದೇ ಅರವತ್ತು ವರ್ಷದ ಹಿಂದಿನ ಸಂಗತಿ.

ಓದಿದ್ರೆ ಸರ್ಕಾರಿ ಕೆಲಸ ಅನ್ನೋ ಗಂಟು ಯಾವಾಗ ಬಿತ್ತು? ಅದಕ್ಕೊಂದು ತಾರೀಖೇ ಇದೆ. 1844ರ ಅಕ್ಟೋಬರ್ 10. ಆವತ್ತು ಗವರ್ನರ್ ಜನರಲ್ ಹಾರ್ಡಿಂಜ್ ಒಂದು ನಿರ್ಣಯ ಹೊರಡಿಸಿದ. ಸರ್ಕಾರಿ ಹುದ್ದೆಗಳಿಗೆ ಹೊಸ ಮಾದರಿಯ ಶಾಲೆಗಳಲ್ಲಿ ಇಂಗ್ಲಿಷ್ ಓದಿದವರಿಗೆ ಆದ್ಯತೆ ಕೊಡಬೇಕು ಅಂತ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸಲ್ಲಿ ವಿಶ್ವವಿದ್ಯಾಲಯಗಳು ಬಂದ್ವು. ಅಲ್ಲಿಂದ ಓದು ಅಂದ್ರೆ ಡಿಗ್ರಿ, ಡಿಗ್ರಿ ಅಂದ್ರೆ ಕಚೇರಿ. ವಯೋಮಿತಿಯ ಜಗಳವೂ ಆಗಿನದ್ದೇ. ಐಸಿಎಸ್ ಪರೀಕ್ಷೆ ನಡೀತಿದ್ದದ್ದು ಲಂಡನ್ನಲ್ಲಿ. ಅದರ ಗರಿಷ್ಠ ವಯಸ್ಸನ್ನ 21ರಿಂದ 19ಕ್ಕೆ ಇಳಿಸಿದಾಗ, 1877ರಲ್ಲಿ ಸುರೇಂದ್ರನಾಥ ಬ್ಯಾನರ್ಜಿ ಊರೂರು ತಿರುಗಿ ಸಭೆ ಮಾಡಿದ್ರು. ಈಗ ನಮ್ಮ ಹುಡುಗರು ವಯೋಮಿತಿ ಏರಿಸಿ ಅಂತ ಮನವಿ ಹಿಡ್ಕೊಂಡು ನಿಲ್ತಾರಲ್ಲ, ಅದು ಸುಮಾರು ನೂರೈವತ್ತು ವರ್ಷದ ಹಳೇ ಬೇಡಿಕೆ.

ನಮ್ಮ ಮೈಸೂರು ಸೀಮೆಗೆ ಬಂದ್ರೆ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಈ ಪರೀಕ್ಷೆ ಪಾಸಾಗಿಯೇ ಅಧಿಕಾರಿ ಆದವರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು. ಆದ್ರೆ ಆ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದವರಿದ್ರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ್ ಹತ್ರ ಅಹವಾಲು ತಗೊಂಡು ಹೋಯ್ತು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ಮಾಡಿದ್ರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು ಅಂತ ಆ ಸಮಿತಿ ಹೇಳ್ತು.

ನನಗೆ ಇಲ್ಲಿ ಒಂದು ವಿಷಯ ಹೊಳೀತು. ಸರ್ಕಾರಿ ಕೆಲಸ ನಮ್ಮಂಥ ಮನೆಗಳಿಗೆ ಬರೀ ಸಂಬಳ ಆಗಿರ್ಲೇ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ನಿಂತಾಗ "ಯಾರಯ್ಯ ನೀನು?" ಅಂತ ಕೇಳಿಸ್ಕೊಂಡವನಿಗೆ, ಒಳಗಡೆ ನಮ್ಮವನೊಬ್ಬ ಕೂತಿರಬೇಕು ಅನ್ನೋ ಆಸೆ ಇರುತ್ತೆ. ಅಪ್ಪ ನನ್ನನ್ನ ಆರು ವರ್ಷ ಸಾಕಿದ್ದು ತಿಂಗಳ ಸಂಬಳದ ಲೆಕ್ಕದಲ್ಲಲ್ಲ. ಆ ದುಡ್ಡಲ್ಲಿ ಇನ್ನೊಂದು ಬೋರ್ ಕೊರೆಸಬಹುದಿತ್ತು. ಅವನಿಗೆ ಬೇಕಿದ್ದದ್ದು ಕಚೇರಿ ಒಳಗಿನ ಒಂದು ಕುರ್ಚಿ. ಅದು ಸೋಮಾರಿಯ ಕನಸಲ್ಲ, ನೂರು ವರ್ಷ ಹೊರಗೆ ನಿಂತವರ ಕನಸು.

ಆದ್ರೆ ಡಿಗ್ರಿಗಳು ಹೆಚ್ಚಿದಷ್ಟು ಕುರ್ಚಿಗಳು ಹೆಚ್ಚಲಿಲ್ಲ. 1930ರ ಆರ್ಥಿಕ ಕುಸಿತದ ಹೊತ್ತಿಗೆ ಇದು ಎಲ್ಲರ ಕಣ್ಣಿಗೂ ಕಾಣ್ತಿತ್ತು. ಸಂಯುಕ್ತ ಪ್ರಾಂತ್ಯದಲ್ಲಿ, ಅಂದ್ರೆ ಈಗಿನ ಉತ್ತರ ಪ್ರದೇಶದ ಕಡೆ, ಓದಿದವರ ನಿರುದ್ಯೋಗದ ಬಗ್ಗೆ ತೇಜ್ ಬಹಾದ್ದೂರ್ ಸಪ್ರೂ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯೇ ಕೂತಿತ್ತು. ಅದರ ವರದಿ ಬಂದಿದ್ದು 1935ರಲ್ಲಿ. ಈಗಿನ ಕಾಲದ ಹುಡುಗರು ಕೆಲಸಕ್ಕೆ ಬಾರದವರು ಅಂತ ಬೈಯೋ ಹಿರಿಯರು ಇದನ್ನ ನೆನಪಿಡಬೇಕು. ಅವರ ಅಪ್ಪಂದಿರ ಕಾಲದಲ್ಲೇ ಬಿಎ ಪಾಸಾದವರಿಗೆ ಕೆಲಸ ಇಲ್ಲ ಅಂತ ಸರ್ಕಾರ ಸಮಿತಿ ಮಾಡಿತ್ತು.

ಆಮೇಲೆ ಬಂದಿದ್ದು ಕ್ಯೂ. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ, 1945ರ ಜುಲೈನಲ್ಲಿ, ಸೈನ್ಯದಿಂದ ವಾಪಸ್ ಬರೋ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡೋಕೆ ಅಂತ ಒಂದು ಇಲಾಖೆ ಹುಟ್ಟಿತು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಶುರುವಾಗಿದ್ದು ಹೀಗೆ. 1948ರಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೀತು. 1956ರಲ್ಲಿ ರಾಜ್ಯಗಳ ಕೈಗೆ ಬಂತು. 1959ರಲ್ಲಿ ಒಂದು ಕಾಯ್ದೆ ಆಯ್ತು. ಸರ್ಕಾರಿ ಕಚೇರಿಗಳು ಮತ್ತು 25 ಅಥವಾ ಹೆಚ್ಚು ಜನ ಕೆಲಸ ಮಾಡೋ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆ ಇದ್ರೆ ಎಕ್ಸ್‌ಚೇಂಜಿಗೆ ತಿಳಿಸಲೇಬೇಕಿತ್ತು. ಆದ್ರೆ ಆ ಕಾಯ್ದೆಯಲ್ಲೇ ಇನ್ನೊಂದು ಮಾತಿತ್ತು. ತಿಳಿಸಬೇಕಿತ್ತು ನಿಜ, ಅಲ್ಲಿಂದಲೇ ಜನ ತಗೋಬೇಕು ಅಂತ ಏನಿರ್ಲಿಲ್ಲ.

ನನ್ನ ಸೋದರಮಾವ 1979ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು. ಹಾಸನಕ್ಕೆ ಹೋಗಿ ಎಕ್ಸ್‌ಚೇಂಜಲ್ಲಿ ಹೆಸರು ಬರೆಸಿ ಒಂದು ಕಾರ್ಡು ತಂದಿದ್ರು. ರಿನ್ಯೂವಲ್ಲಿಗೆ ಅಂತ ಆಗಾಗ ಬಸ್ಸು ಹತ್ತೋರು. ಬೆಂಗಳೂರಲ್ಲಿ ಆಗ ಎಚ್ಎಎಲ್, ಐಟಿಐ, ಎಚ್ಎಂಟಿ, ಬಿಇಎಲ್ ಅಂತ ದೊಡ್ಡ ಫ್ಯಾಕ್ಟರಿಗಳಿದ್ವು. ಅಲ್ಲಿ ಸೇರಿದವನು ಊರಿಗೆ ಬಂದ್ರೆ ಜಾತ್ರೆ. ಮಾವನಿಗೆ ಇಂಟರ್‌ವ್ಯೂಗೆ ಅಂತ ಕರೆದ ಕಾಗದ ಬಂದಿದ್ದು ಎರಡು ಸಲ. ಎರಡು ಸಲವೂ ಆಗ್ಲಿಲ್ಲ. ಆಮೇಲೆ ಟೈಲರಿಂಗ್ ಕಲಿತು ಅಂಗಡಿ ಇಟ್ಟರು. ಹದಿನೈದು ವರ್ಷ ಊರೋರಿಗೆಲ್ಲ ಬಟ್ಟೆ ಹೊಲಿದ ಮೇಲೂ "ಭಾವನಿಗೆ ಏನ್ ಕೆಲಸ?" ಅಂತ ಕೇಳಿದ್ರೆ ನನ್ನ ಅಪ್ಪ ಹೇಳ್ತಿದ್ದದ್ದು, "ಪಾಪ, ಅವನಿಗೆ ಕೆಲಸ ಆಗ್ಲಿಲ್ಲ". ಆ ಕಾರ್ಡು ಅವರ ಟ್ರಂಕಲ್ಲಿ ಈಗಲೂ ಇದೆ.

ಇದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. ಸತ್ಯಜಿತ್ ರಾಯ್ 1970ರಲ್ಲಿ 'ಪ್ರತಿದ್ವಂದಿ' ಅಂತ ಬಂಗಾಳಿ ಸಿನಿಮಾ ಮಾಡಿದ್ರು. ಕಲ್ಕತ್ತಾದ ಓದಿದ ಹುಡುಗ ಇಂಟರ್‌ವ್ಯೂಗೆ ಹೋಗ್ತಾನೆ. ಕಳೆದ ಹತ್ತು ವರ್ಷದ ದೊಡ್ಡ ಘಟನೆ ಯಾವುದು ಅಂತ ಕೇಳ್ತಾರೆ. ಚಂದ್ರನ ಮೇಲೆ ಮನುಷ್ಯ ಇಳಿದಿದ್ದು ಅನ್ನೋ ಉತ್ತರ ಅವರಿಗೆ ಬೇಕು. ಇವನು ವಿಯೆಟ್ನಾಮಿನ ಜನ ಹೋರಾಡಿದ್ದು ಅಂತಾನೆ. ಕೆಲಸ ಹೋಯ್ತು. ನಾನು ರೂಮಲ್ಲಿ ಲ್ಯಾಪ್‌ಟಾಪಲ್ಲಿ ಈ ಸಿನಿಮಾ ನೋಡಿದಾಗ, ನಾನು ಹುಟ್ಟೋಕೆ ಹದಿನೇಳು ವರ್ಷ ಮೊದಲೇ ಯಾರೋ ನನ್ನ ಕಥೆ ತೆಗೆದಿದ್ದಾರೆ ಅನ್ನಿಸ್ತು.

ಕ್ಯೂನ ಕಾಲವೂ ಮುಗೀತು. 1996ರಲ್ಲಿ ಸುಪ್ರೀಂ ಕೋರ್ಟ್, ಎಕ್ಸ್‌ಚೇಂಜಿಂದ ಬಂದ ಹೆಸರುಗಳನ್ನ ಮಾತ್ರ ಪರಿಗಣಿಸಿದ್ರೆ ಸಾಲದು, ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು ಅಂತ ಹೇಳ್ತು. ನ್ಯಾಯವಾದ ಮಾತೇ. ಕಾರ್ಡು ಇಟ್ಕೊಂಡು ಸರದಿಗೆ ಕಾಯೋದು ಹೋಯ್ತು, ಪರೀಕ್ಷೆ ಬರ್ಕೊಂಡು ಕಾಯೋದು ಬಂತು. ಒಂದು ವ್ಯತ್ಯಾಸ ಇತ್ತು. ಮಾವ ಕಾರ್ಡನ್ನ ಟ್ರಂಕಲ್ಲಿಟ್ಟು ಬಟ್ಟೆ ಹೊಲೀಬಹುದಿತ್ತು. ಪರೀಕ್ಷೆಗೆ ಓದೋನು ಬೇರೆ ಏನೂ ಮಾಡೋಹಾಗಿಲ್ಲ. ಓದೋದೇ ಪೂರ್ತಿ ಹೊತ್ತಿನ ಕೆಲಸ, ಸಂಬಳ ಮಾತ್ರ ಮನೆಯಿಂದ.

ಇನ್ನು ನನ್ನ ಕಥೆ. ಸಿಇಟಿ ಬಂದಿದ್ದು 1994ರಲ್ಲಿ, ವಿಟಿಯು ಆಗಿದ್ದು 1998ರಲ್ಲಿ. ಅವೆರಡೂ ಇಲ್ದಿದ್ರೆ ಮೂರು ಎಕರೆ ತೆಂಗಿನ ತೋಟದೋರ ಮಗ ಇಂಜಿನಿಯರ್ ಆಗೋದು ಕಷ್ಟ ಇತ್ತು. ನಾನು ಏಳನೇ ಸೆಮಿಸ್ಟರಲ್ಲಿದ್ದಾಗ, 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. 2009ರ ಜನವರಿಯಲ್ಲಿ ಸತ್ಯಂ ಹಗರಣ ಬಂತು. ನನ್ನ ಕೈಯಲ್ಲಿ ಒಂದು ಕಂಪನಿಯ ಆಫರ್ ಲೆಟರ್ ಇತ್ತು. ಸೇರೋ ದಿನಾಂಕ ಮುಂದೆ ಹೋಯ್ತು, ಮತ್ತೆ ಮುಂದೆ ಹೋಯ್ತು, ಆಮೇಲೆ ಮೇಲ್ ಬರೋದೇ ನಿಂತೋಯ್ತು. ಆ ಲೆಟರನ್ನ ಅವ್ವ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ಲು. ಎರಡು ವರ್ಷ ಊರಲ್ಲಿ, ಆಮೇಲೆ ವಿಜಯನಗರದ ರೂಮಲ್ಲಿ. ರೀಡಿಂಗ್ ರೂಮಿನಲ್ಲಿ ತಿಂಗಳ ಬಾಡಿಗೆಗೆ ಒಂದು ಕುರ್ಚಿ. ಗ್ರಾಮೀಣ ಸರ್ಟಿಫಿಕೇಟು, ಕನ್ನಡ ಮಾಧ್ಯಮ ಸರ್ಟಿಫಿಕೇಟು, ಜಾತಿ ಆದಾಯ ಸರ್ಟಿಫಿಕೇಟು ಎಲ್ಲಾ ಒಂದು ಫೈಲಲ್ಲಿ.

ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಆಗ್ಲಿಲ್ಲ. ಪಾಸಾದವರೆಲ್ಲ ಗೆದ್ದರು ಅಂತಲೂ ಇಲ್ಲ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆ ಪಟ್ಟಿಯನ್ನ ಸರ್ಕಾರ 2014ರಲ್ಲಿ ವಾಪಸ್ ತಗೊಂಡಿತು. ಕೊನೆಗೆ 2022ರಲ್ಲಿ ವಿಧಾನಮಂಡಲ ಕಾಯ್ದೆ ಮಾಡಿ ನೇಮಕಕ್ಕೆ ದಾರಿ ಮಾಡಿಕೊಟ್ಟಿತು. ಹನ್ನೊಂದು ವರ್ಷ! ಆ ಪಟ್ಟಿಯಲ್ಲಿ ನಾನಿರಲಿಲ್ಲ. ಆದ್ರೂ ಆ ಸುದ್ದಿ ಓದಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ.

ವಯೋಮಿತಿಯನ್ನೂ ಒಮ್ಮೆ ನೋಡಿ. ಕೇಂದ್ರದ ಸಿವಿಲ್ ಸರ್ವಿಸ್ ಪರೀಕ್ಷೆಗೆ 1979ರಲ್ಲಿ ಗರಿಷ್ಠ 28 ಇತ್ತು, 2014ರಿಂದ ಸಾಮಾನ್ಯ ವರ್ಗಕ್ಕೆ 32. ನಮ್ಮ ರಾಜ್ಯದ ಬಹಳಷ್ಟು ಹುದ್ದೆಗಳಿಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ 40 ಇತ್ತು. ಇದು ಕರುಣೆಯೂ ಹೌದು, ಉರುಳೂ ಹೌದು. ನೋಟಿಫಿಕೇಶನ್ ತಡ ಆಗಿ ವಯಸ್ಸು ಮೀರಿದವನಿಗೆ ಅದು ನ್ಯಾಯ. ಆದ್ರೆ ಬಾಗಿಲು ಇನ್ನೂ ಮುಚ್ಚಿಲ್ಲ ಅನ್ನೋ ಕಾರಣಕ್ಕೆ ಎದ್ದು ಹೋಗೋಕೂ ಆಗದೆ ಕೂತಿರ್ತೀವಲ್ಲ, ಆ ಕೂರೋದು ಹತ್ತು ವರ್ಷ ತಿನ್ನುತ್ತೆ.

2015ರಲ್ಲಿ ಕಾಲೇಜಿನ ಜೂನಿಯರ್ ಒಬ್ಬ ಎರಡು ತಿಂಗಳು ಕೂರಿಸ್ಕೊಂಡು ಟೆಸ್ಟಿಂಗ್ ಕಲಿಸಿ, ಒಂದು ಸಣ್ಣ ಕಂಪನಿಗೆ ಕಳಿಸಿದ. "ಆರು ವರ್ಷ ಏನ್ ಮಾಡ್ತಿದ್ರಿ?" ಅಂತ ಇಂಟರ್‌ವ್ಯೂ ಮಾಡಿದ ಮೇಡಂ ಕೇಳಿದ್ರು. "ಏನೂ ಮಾಡಿಲ್ಲ ಮೇಡಂ, ಓದ್ತಿದ್ದೆ" ಅಂದೆ. ಅವರೇನೋ ತಗೊಂಡ್ರು, ತಿಂಗಳಿಗೆ 12,000. ಮನೆಗೆ ಫೋನ್ ಮಾಡಿದ್ರೆ ಅಪ್ಪ ಕೇಳಿದ ಮೊದಲ ಮಾತು, "ಪರ್ಮನೆಂಟಾ?"

"ಏನೂ ಮಾಡಿಲ್ಲ" ಅಂದೆನಲ್ಲ, ಆ ಮಾತು ನನ್ನನ್ನ ಈಗ ಕಾಡ್ತಿದೆ. ಯಾಕಂದ್ರೆ ಅದು ಸುಳ್ಳು. ಊರಲ್ಲಿದ್ದ ಎರಡು ವರ್ಷ ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗಿ ಮೋಟಾರ್ ಹಾಕ್ತಿದ್ದವನು ನಾನು. ಡ್ರಿಪ್ ಪೈಪ್ ಕಟ್ಟಿಕೊಂಡ್ರೆ ಬಿಚ್ಚಿ ಸರಿ ಮಾಡ್ತಿದ್ದೆ. ಕೊಬ್ಬರಿ ಲೋಡ್ ಜೊತೆ ತಿಪಟೂರು ಮಾರ್ಕೆಟ್ಟಿಗೆ ಹೋಗಿ ರೇಟು ನೋಡ್ಕೊಂಡು ಬರ್ತಿದ್ದೆ. ಹಾಲಿನ ಡೈರಿ ಸೆಕ್ರೆಟರಿಗೆ ಕಾಲು ಮುರಿದಾಗ ಐದು ತಿಂಗಳು ಡೈರಿ ಲೆಕ್ಕ ಬರೆದೆ. ಊರಿನ ಅರ್ಧ ಹುಡುಗರ ಆನ್‌ಲೈನ್ ಅರ್ಜಿ ತುಂಬಿದ್ದು ನಾನು. ಇದ್ಯಾವುದಕ್ಕೂ ಯಾರೂ ಸಂಬಳ ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ. ಅದಕ್ಕೇ ಅದು ಕೆಲಸ ಅಂತ ನನಗೇ ಅನ್ನಿಸ್ಲಿಲ್ಲ.

ಇಲ್ಲಿ ಮತ್ತೆ ಜನಗಣತಿ ಮೇಷ್ಟ್ರ ಹತ್ರ ಹೋಗ್ಬೇಕು. ಅವರು ಆವತ್ತು ಪುಸ್ತಕ ತಿರುವಿ ಓದಿದ ಆ ಒಂದು ವಾಕ್ಯಕ್ಕೂ ಇತಿಹಾಸ ಇದೆ. 1951ರ ಜನಗಣತಿಯಲ್ಲಿ ಜನರನ್ನ ವರಮಾನದ ಮೇಲೆ ಮೂರು ಪಾಲು ಮಾಡಿದ್ರು: ಸ್ವಾವಲಂಬಿ, ಗಳಿಸುವ ಅವಲಂಬಿತ, ಗಳಿಸದ ಅವಲಂಬಿತ. 1961ರಲ್ಲಿ ವರಮಾನ ಬಿಟ್ಟು ಕೆಲಸವನ್ನ ಅಳತೆಗೋಲು ಮಾಡಿದ್ರು. 1971ರಲ್ಲಿ ಮುಖ್ಯ ಚಟುವಟಿಕೆ ಯಾವುದು ಅಂತ ಕೇಳಿದ್ರು. ಹೆಂಗಸರು "ಮನೆಗೆಲಸ" ಅಂದ್ರು. ಕೆಲಸಗಾರ ಹೆಂಗಸರ ಲೆಕ್ಕ ಒಂದೇ ಏಟಿಗೆ ಬಿದ್ದೋಯ್ತು. ಹೊಲದಲ್ಲಿ ಕಳೆ ಕೀಳ್ತಿದ್ದವರು ಅಲ್ಲೇ ಕೀಳ್ತಿದ್ರು, ಕಾಗದದ ಮೇಲೆ ಮಾತ್ರ ಮಾಯ. ಮೈಸೂರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ, ಮನೆಯವರು ದಿನದ ಯಾವ ಹೊತ್ತಲ್ಲಿ ಏನು ಮಾಡ್ತಾರೆ ಅಂತ ಲೆಕ್ಕ ಇಡಿಸಿದ್ರು. ಎಣಿಕೆಗೆ ಸಿಗದ ದುಡಿಮೆ ಎಷ್ಟಿದೆ ಅಂತ ತೋರಿಸಿದ್ರು. ಇಂಥವರ ಒತ್ತಾಯ ಬೆಳೆದು 1991ರ ಜನಗಣತಿಯ ಪ್ರಶ್ನೆಯಲ್ಲೇ, ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿ ಅಂತ ಸ್ಪಷ್ಟವಾಗಿ ಬಂತು.

ಆ ಹೆಂಗಸರನ್ನ ಎಣಿಸೋಕೆ ಅಂತ ಬಂದ ಮಾತಿನಿಂದ, ಇಪ್ಪತ್ತು ವರ್ಷದ ಮೇಲೆ ನಮ್ಮನೆ ಜಗಲಿಯಲ್ಲಿ ನಾನೂ ಕೆಲಸಗಾರ ಆದೆ.

ಆದ್ರೆ ಎಣಿಸೋದೂ ಎರಡು ಕಡೆ ಹರಿಯೋ ಕತ್ತಿ. ಕೇಂದ್ರದ ಕಾರ್ಮಿಕ ಸಮೀಕ್ಷೆ ಪ್ರಕಾರ 2017-18ರಲ್ಲಿ 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇಕಡಾ 17.8 ಇತ್ತು. 2022-23ಕ್ಕೆ ಶೇಕಡಾ 10ಕ್ಕೆ ಇಳೀತು. ಒಳ್ಳೇದು. ಆದ್ರೆ ಅದೇ ಅವಧಿಯಲ್ಲಿ ಮನೆ ಉದ್ಯಮದಲ್ಲಿ ಸಂಬಳವಿಲ್ಲದೆ ಸಹಾಯ ಮಾಡೋರ ಪಾಲು ಏರಿದೆ. ಆ ಸಮೀಕ್ಷೆಯಲ್ಲಿ ಅವರಿಗೊಂದು ಕೋಡ್ ಇದೆ, 21. ಕೆಲಸ ಇಲ್ದೆ ಹುಡುಕ್ತಾ ಇರೋರಿಗೆ 81. ಊರಿಗೆ ವಾಪಸ್ ಹೋಗಿ ಅಪ್ಪನ ಅಂಗಡಿಯಲ್ಲಿ ಕೂತ ಹುಡುಗ 81ರಿಂದ 21ಕ್ಕೆ ಹೋಗ್ತಾನೆ. ಅಂಕಿಯಲ್ಲಿ ನಿರುದ್ಯೋಗ ಕಮ್ಮಿ ಆಯ್ತು, ಅವನ ಜೇಬು ಹಾಗೇ ಇದೆ. ಒಂದೇ ಅಳತೆಯಲ್ಲಿ ನಿರುದ್ಯೋಗವನ್ನ ಹಿಡಿಯೋಕೆ ಆಗಲ್ಲ ಅಂತ ದಾಂತ್ವಾಲಾ ಸಮಿತಿ 1970ರಲ್ಲೇ ಹೇಳಿತ್ತು.

ಅಂದ್ರೆ ನನ್ನ ತಮ್ಮನಿಗೆ "ನೀನು ಮಾಡಿದ್ದೆಲ್ಲ ಕೆಲಸನೇ, ಬೇಜಾರು ಮಾಡ್ಕೋಬೇಡ" ಅಂದ್ರೆ ಸಾಲದು. ಸಂಬಳ ಬೇಕು. ಬುತ್ತಿ ಇಲ್ದೆ ಪ್ರಯಾಣ ಆಗಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಕೊಡುತ್ತೆ, ಹೆಚ್ಚಂದ್ರೆ ಎರಡು ವರ್ಷ. ಓದಿದವನು ಕಾಯೋದಕ್ಕೂ ಖರ್ಚಿದೆ ಅಂತ ಸರ್ಕಾರ ಒಪ್ಕೊಂಡಿದ್ದು ದೊಡ್ಡದೇ. ಆದ್ರೆ ಅದು ಶುರುವಾಗಿದ್ದು 2022-23ರಲ್ಲಿ ಪಾಸಾದವರಿಂದ. ನನ್ನ ತಮ್ಮ ಡಿಗ್ರಿ ಮುಗಿಸಿದ್ದು 2017ರಲ್ಲಿ. ಅವನಿಗೆ ಸಿಗಲ್ಲ.

ಹೋದ ಭಾನುವಾರ ವಿಜಯನಗರಕ್ಕೆ ಹೋಗಿದ್ದೆ. ಅದೇ ರಸ್ತೆ, ಅದೇ ಜೆರಾಕ್ಸ್ ಅಂಗಡಿಗಳು. ಗೋಡೆ ತುಂಬ ಕೋಚಿಂಗ್ ಸೆಂಟರ್ ಪೋಸ್ಟರ್‌ಗಳು, ಪಾಸಾದವರ ಫೋಟೋಗಳು. ಪಾಸಾಗದವರ ಫೋಟೋ ಹಾಕೋ ಗೋಡೆ ಯಾವ ಊರಲ್ಲೂ ಇಲ್ಲ. ತಮ್ಮ ರೀಡಿಂಗ್ ರೂಮಿಂದ ಕೆಳಗಿಳಿದು ಬಂದ, ಇಬ್ಬರೂ ಟೀ ಅಂಗಡಿ ಮುಂದೆ ನಿಂತ್ವಿ. ಸಣ್ಣಗಾಗಿದ್ದ.

ಬಾಯಿಗೆ ಬಂದಿದ್ದು ಅದೇ ಹಳೇ ಪ್ರಶ್ನೆ, "ಎಲ್ಲಿಗೆ ಬಂತೋ, ಕೆಲಸ...". ಅಲ್ಲಿಗೇ ತಡೆದು, "ದಿನಾ ಏನೇನ್ ಮಾಡ್ತೀಯ ಹೇಳು" ಅಂದೆ. ಮೊದಲು ಅವನೂ ನನ್ನ ಹಾಗೇ "ಏನೂ ಇಲ್ಲಣ್ಣ" ಅಂದ. ಬಿಡಲಿಲ್ಲ, ಬಿಡಿಸಿ ಬಿಡಿಸಿ ಕೇಳಿದೆ. ಪಕ್ಕದ ರೂಮಿನ ನಾಲ್ಕು ಹುಡುಗರಿಗೆ ಗಣಿತ ಹೇಳಿಕೊಡ್ತಾನಂತೆ, ಎರಡು ವರ್ಷದಿಂದ, ದಿನಕ್ಕೆ ಎರಡು ಗಂಟೆ. ಅದರಲ್ಲಿ ಇಬ್ಬರು ಪೊಲೀಸ್ ಕಾನ್‌ಸ್ಟೇಬಲ್ ಆಗಿ ಹೋಗಿದ್ದಾರೆ. ದುಡ್ಡು ತಗೊಂಡಿದೀಯಾ ಅಂದ್ರೆ, "ಛೆ, ಫ್ರೆಂಡ್ಸ್ ಹತ್ರ ಹೆಂಗಣ್ಣ ತಗೊಳೋದು" ಅಂದ.

ಒಂದು ಹಾಳೆ ತಗೊಂಡು ಅದನ್ನ ಬರೆಸಿದೆ. ಎಷ್ಟು ಜನಕ್ಕೆ, ಯಾವ ಪಾಠ, ಎಷ್ಟು ತಿಂಗಳು, ಏನಾಯ್ತು. ನನ್ನ ಪರಿಚಯದವರೊಬ್ಬರು ಒಂದು ಟ್ಯುಟೋರಿಯಲ್ ನಡೆಸ್ತಾರೆ, ಸಂಜೆ ಹೊತ್ತು ಗಣಿತ ಹೇಳೋರು ಬೇಕು ಅಂತಿದ್ರು. ಆ ಹಾಳೆ ಅವರಿಗೆ ಕಳಿಸಿದೀನಿ. ಮುಂದಿನ ಪರೀಕ್ಷೆ ಬರೀತೀನಿ ಅಂತಾನೆ, ಬರೀಲಿ. ಟ್ಯುಟೋರಿಯಲ್ಲಿಂದ ಇನ್ನೂ ಉತ್ತರ ಬಂದಿಲ್ಲ.

ವಾಪಸ್ ಬರ್ತಾ ಅವ್ವನಿಗೆ ಫೋನ್ ಮಾಡಿ, "2011ರಲ್ಲಿ ಮೇಷ್ಟ್ರು ಗಣತಿಗೆ ಬಂದಿದ್ರಲ್ಲ, ನಿನ್ನ ಕೆಲಸ ಏನಂತ ಬರ್ಕೊಂಡ್ರು?" ಅಂತ ಕೇಳಿದೆ. ಹಸು ಕಟ್ಟೋದು, ಹಾಲು ಕರೆಯೋದು, ಕಾಯಿ ಸುಲಿಯೋರಿಗೆ ಅಡುಗೆ, ತೋಟದ ಕಳೆ, ಇದರಲ್ಲೇ ನಲವತ್ತು ವರ್ಷ ಕಳೆದವಳು. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ್ಲು.

"ನನ್ನ ಯಾರ್ ಕೇಳಿದ್ರಪ್ಪ? ನಿಮ್ಮಪ್ಪನೇ ಏನೋ ಬರೆಸ್ತು."